ಸೂಗಮ್ಮನ ಕೈಗೆ ಪಾನಾ ಬಂದದ್ದು

ಹುಮನಾಬಾದಿನ ನಮ್ಮ ಓಣಿಯಲ್ಲಿ ಗೋಡೆ ಕೊರೆಯುವ ಸದ್ದು ಕೇಳಿಸಿತೆಂದರೆ ಅಂದು ಭಾನುವಾರ ಎಂದೇ ಅರ್ಥ. ಭಾನುವಾರ ಮಧ್ಯಾಹ್ನದ ಮೇಲೆ ಬಕ್ಕಪ್ಪನ ಕಿರಾಣಿ ಅಂಗಡಿ ಬಂದ್. ಅಂಗಡಿ ಬಂದಾದರೆ ಆತ ಮನೆ ರಿಪೇರಿಗೆ ಇಳಿಯುತ್ತಿದ್ದ. ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವನು ಮೊಳೆ ಹೊಡೆದರೆ ಈ ಕಡೆ ನಮ್ಮ ಕ್ಯಾಲೆಂಡರ್ ಕೆಳಗೆ ಬೀಳುತ್ತಿತ್ತು.

ನಾನು ಹೇಳಹೊರಟಿರುವುದು ಅವನ ಹೆಂಡತಿ ಸೂಗಮ್ಮನ ಕಥೆ. ಆದರೆ ಬಕ್ಕಪ್ಪ ಏನೇನು ಕೆಡಿಸಿದ ಎಂದು ಹೇಳದೆ ಸೂಗಮ್ಮ ಏನು ಕಲಿತಳು ಎಂದು ಹೇಳಲಾಗದು.

ಬಕ್ಕಪ್ಪ ಹುಡಗಿ ಗ್ರಾಮದವನು. ಅಲ್ಲಿಯ ಹಳೆಯ ಮನೆಯನ್ನು ಅವನ ಅಪ್ಪ ಒಬ್ಬ ಗೌಂಡಿಯನ್ನೂ ಕರೆಯದೆ, ಕೆಂಪು ಕಲ್ಲು ತಾನೇ ಹೊತ್ತು ತಂದು ಕಟ್ಟಿದ್ದನಂತೆ. ಆ ಅಭಿಮಾನ ಮಗನ ನೆತ್ತಿಗೇರಿತ್ತು. ಅಪ್ಪನ ಕೈಗುಣ ಮಾತ್ರ ಬಂದಿರಲಿಲ್ಲ. "ದೇವ್ರು ಎರಡು ಕೈ ಯಾತಕ್ಕ ಕೊಟ್ಟಾನ್ರಿ ಮಾಸ್ತರ? ಸಣ್ಣ ಕೆಲಸಕ್ಕೂ ಮಂದೀನ ಕರದು ಮನಿ ತೋರಸೂದ್ಯಾಕ?" ಎಂದು ನನ್ನನ್ನೇ ಕೇಳುತ್ತಿದ್ದ. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅವನು ಕಿಟಕಿಗೆ ಚಿಲಕ ಹಾಕಿದರೆ ಅದು ಹೊರಗಿನಿಂದ ಮಾತ್ರ ಬೀಳುತ್ತಿತ್ತು. ಫ್ಯಾನು ಬಿಚ್ಚಿ ಒರೆಸಿ, ರೆಕ್ಕೆಗಳನ್ನು ತಿರುಗಾಮುರುಗಾ ಕೂಡಿಸಿದ ಮೇಲೆ ಆ ಬೇಸಿಗೆಯೆಲ್ಲ ಗಾಳಿ ಕೆಳಗಿಳಿಯಲಿಲ್ಲ. ಒಮ್ಮೆ ಸ್ವಿಚ್ ಬೋರ್ಡಿಗೆ ಕೈ ಹಾಕಿ, ಕರೆಂಟು ಹೊಡೆದು ಜೋಳದ ಚೀಲದ ಮೇಲೆ ಹೋಗಿ ಬಿದ್ದ. ಅಂದು ಸೂಗಮ್ಮ ಅಳುತ್ತಲೇ ಒಂದು ಆಣೆ ಮಾಡಿಸಿಕೊಂಡಳು. ಇನ್ನು ಮುಂದೆ ವೈರಿನ ಕೆಲಸವೆಲ್ಲ ಎಲೆಕ್ಟ್ರಿಷಿಯನ್ ಸಲಾವುದ್ದೀನ್‌ನದು, ಬಕ್ಕಪ್ಪ ಹತ್ತಿರಕ್ಕೂ ಹೋಗಬಾರದು. ಬಕ್ಕಪ್ಪ ಒಪ್ಪಿದ. ಒಪ್ಪಿ, ತನ್ನ ಉತ್ಸಾಹವನ್ನೆಲ್ಲ ನೀರಿನ ಪೈಪುಗಳ ಕಡೆ ತಿರುಗಿಸಿದ.

ಹನಿಯುತ್ತಿದ್ದ ನಳ ಅವನು ಮುಟ್ಟಿದ ಮೇಲೆ ಸುರಿಯುತ್ತಿತ್ತು. ಸುರಿಯಲು ಶುರುವಾದ ಮೇಲೆ ಅಬ್ದುಲ್ ಕರೀಂಗೆ ಫೋನು ಹೋಗುತ್ತಿತ್ತು.

ಅಬ್ದುಲ್ ಕರೀಂ ಬಸವಕಲ್ಯಾಣದ ನಳದ ಮಿಸ್ತ್ರಿ. ವಯಸ್ಸು ಅರವತ್ತೈದರ ಮೇಲೆ. ಮಗಳನ್ನು ನಮ್ಮೂರಿಗೆ ಕೊಟ್ಟಿದ್ದರಿಂದ ವಾರದಲ್ಲಿ ಮೂರು ದಿನ ಇಲ್ಲೇ ಇದ್ದು, ಬಸ್ ಸ್ಟ್ಯಾಂಡಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕೈ ಗಟ್ಟಿ, ನಾಲಗೆ ಸಿಹಿ, ಕಣ್ಣು ಮಾತ್ರ ಮಂಜು. ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಪೈಪನ್ನು ಬೆರಳಿಂದ ಸವರಿಯೇ ಅದರ ಅಳತೆ ಹೇಳುತ್ತಿದ್ದರು, ಆದರೆ ತಿರುಪಿನ ಗೆರೆ, ಅವರ ಮಾತಿನಲ್ಲಿ ಚೂಡಿ, ಕಾಣುತ್ತಿರಲಿಲ್ಲ. ಹಾಗಾಗಿ ಚಹಾ ಕೊಡಲು ಬಂದ ಸೂಗಮ್ಮನನ್ನೇ ಕೇಳುತ್ತಿದ್ದರು.

"ಬೇಟಿ, ಈ ಬಿಳಿ ಟೇಪು ಸ್ವಲ್ಪ ಸುತ್ತಿ ಕೊಡು. ಚೂಡಿ ಯಾವ ಕಡಿ ತಿರಗ್ತದ ನೋಡು, ಅದೇ ಕಡಿ ಸುತ್ತಬೇಕು. ಉಲ್ಟಾ ಸುತ್ತಿದಿ ಅಂದ್ರ ಬಿಗಿ ಮಾಡುವಾಗ ಬಿಚ್ಚಿಕೋತದ."

ಮೊದಲ ಸಲ ಆಕೆ ಉಲ್ಟಾನೇ ಸುತ್ತಿದಳು. ಕರೀಂ ಚಾಚಾ ಬಿಚ್ಚಿಸಿದರು, ಮತ್ತೆ ಸುತ್ತಿಸಿದರು. ಮುಂದಿನ ಸಲ ಬ್ಯಾಟರಿ ಹಿಡಿದು ನಿಂತಳು. ಅದರ ಮುಂದಿನ ಸಲ ಚಾಚಾನ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ನಳದ ಹೊಟ್ಟೆ ಬಿಚ್ಚಿ, ಸವೆದ ವಾಶರ್ ತೆಗೆದು ಹೊಸದು ಕೂಡಿಸಿದಳು. ಚಾಚಾ ಪಕ್ಕದಲ್ಲಿ ಕೂತು ಚಹಾ ಕುಡಿದರು. ಹೀಗೆ ಎಂಟೊಂಬತ್ತು ವರ್ಷ ನಡೆಯಿತು. ಗಂಡ ಕೆಡಿಸಿದಷ್ಟೂ ಹೆಂಡತಿಗೆ ಪಾಠ ಸಿಕ್ಕಿತು. ಇದು ಪಾಠವೆಂದು ಯಾರಿಗೂ ಅನ್ನಿಸಲಿಲ್ಲ, ಆಕೆಗೂ ಅನ್ನಿಸಲಿಲ್ಲ. ವಯಸ್ಸಾದವರು ಕೆಲಸ ಮಾಡುವಾಗ ಕೈ ಹಚ್ಚುವುದು ಮರ್ಯಾದೆ ಎಂದಷ್ಟೇ ತಿಳಿದಿದ್ದಳು.

ಎರಡು ವರ್ಷದ ಹಿಂದಿನ ಒಂದು ಭಾನುವಾರ. ಬಚ್ಚಲುಮನೆಯಲ್ಲಿ ಟವೆಲ್ ಹಾಕಲು ಒಂದು ಸರಳು ಬೇಕೆಂದು ಬಕ್ಕಪ್ಪನಿಗೆ ಅನ್ನಿಸಿತು. ನಮ್ಮ ಕಡೆ ಗೋಡೆ ಗುಂಯ್‌ಗುಟ್ಟಿತು. ಆಮೇಲೆ ಸದ್ದು ನಿಂತಿತು. ಅದರ ಹಿಂದೆಯೇ ಬಕ್ಕಪ್ಪ ಚೀರಿದ. ನಾನು ಓಡಿಹೋಗಿ ನೋಡಿದರೆ ಗೋಡೆಯೊಳಗಿನ ಪೈಪಿಗೆ ತೂತು ಬಿದ್ದು ನೀರು ಎದುರು ಗೋಡೆಗೆ ಚಿಮ್ಮುತ್ತಿತ್ತು. ಬಕ್ಕಪ್ಪ ಎರಡೂ ಅಂಗೈ ಒತ್ತಿ ಹಿಡಿದು, ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿದ್ದ.

"ಬಿಡಬ್ಯಾಡ್ರಿ, ನಾ ಬಂದೆ" ಎಂದು ಸೂಗಮ್ಮ ಮಾಳಿಗೆ ಹತ್ತಿದಳು. ನೀರಿನ ಟಾಕಿಯ ವಾಲ್ ಬಂದ್ ಮಾಡಿದಳು. ನೀರು ಸೊರಗಿ ನಿಂತಿತು.

ಕರೀಂ ಚಾಚಾ ಸಿಗುವಂತಿರಲಿಲ್ಲ. ನಾಲ್ಕು ದಿನದ ಹಿಂದಷ್ಟೇ ಕಣ್ಣಿನ ಆಪರೇಷನ್ ಆಗಿ, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಹೀಗಾಗಿ ಸೋಮವಾರ ಬೇರೊಬ್ಬ ಪ್ಲಂಬರ್ ಬಂದ. ಅವನು ಗೋಡೆಗೆ ನಾಲ್ಕು ಸಲ ಬೆರಳಿಂದ ಬಡಿದು ತೀರ್ಮಾನ ಹೇಳಿದ.

"ಹಳೇ ಲೈನು ಅದರಿ. ಈ ಗೋಡಿ ಟೈಲ್ಸ್ ಪೂರಾ ಒಡದು ಹೊಸ ಪೈಪು ಹಾಕಬೇಕು. ಎಂಟು ದಿನ ಹಿಡೀತದ."

"ತೂತು ಒಂದೇ ಅದಲ್ರಿ" ಎಂದಳು ಸೂಗಮ್ಮ. "ಗೋಡಿ ಎಲ್ಲಾ ಯಾಕ ಒಡೀಬೇಕು? ಒಂದು ಟೈಲ್ ತಗದು, ಅಷ್ಟೇ ಪೈಪು ಕತ್ತರಿಸಿ ಜೋಡಸಾಕ ಬರೂದಿಲ್ಲೇನು?"

"ಅಕ್ಕಾ, ಇದು ನಿಮಗ ತಿಳಿಯೂ ಕೆಲಸ ಅಲ್ಲ."

ಅವನು ಮೋಸಗಾರನಲ್ಲ. ಇಡೀ ಗೋಡೆ ಒಡೆದರೆ ಅವನಿಗೆ ಕೆಲಸ ಸಲೀಸು, ನಾಳೆ ಮಾತು ಬರುವುದಿಲ್ಲ, ಅಷ್ಟೇ. ಆದರೆ ಆ ಕೊನೆಯ ಮಾತು ಸೂಗಮ್ಮನಿಗೆ ನಾಟಿತು. "ಹಂಗಾದ್ರ ನೀವು ಹೋಗಿ ಬರ್ರಿ" ಎಂದು ಚಹಾ ಕೊಟ್ಟು ಕಳಿಸಿದಳು. ಆಮೇಲೆ ಗಂಡನ ಕಡೆ ತಿರುಗಿ ಕೈ ಚಾಚಿದಳು.

"ಸುತ್ತಿಗಿ ಕೊಡ್ರಿ."

ಬಕ್ಕಪ್ಪ ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ. "ನಾ ಮಾಡ್ತೀನಿ ತಗೋ. ನಾನೇ ಕೆಡಿಸೀನಿ, ನಾನೇ ಮಾಡ್ತೀನಿ."

"ನೀವು ಕೆಡಿಸಿದ್ದು ಸಾಕು. ಇವತ್ತ ಹೊರಗ ಕೂಡ್ರಿ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆ ಅವನೊಂದಿಗೆ ಹೀಗೆ ಮಾತಾಡಿದ್ದು ಅದೇ ಮೊದಲು. ಬಕ್ಕಪ್ಪ ಸುತ್ತಿಗೆ ಕೊಟ್ಟು, ಹೊರಗೆ ನಮ್ಮ ಕಟ್ಟೆಗೆ ಬಂದು ಕೂತ. ಆ ದಿನ ಅಂಗಡಿ ತೆರೆಯಲಿಲ್ಲ.

ಒಳಗೆ ಸೂಗಮ್ಮ ತೂತು ಬಿದ್ದ ಟೈಲನ್ನು ಉಳಿಯಿಂದ ಚೂರು ಚೂರಾಗಿ ಬಿಡಿಸಿದಳು. ಪಕ್ಕದವಕ್ಕೆ ಗೀರು ಬೀಳದ ಹಾಗೆ ಹಳೆ ಸೀರೆ ಮಡಚಿ ಒತ್ತಾಗಿ ಇಟ್ಟಿದ್ದಳು. ಪೈಪು ಕಂಡಿತು. ಗೇಣುದ್ದ ಕತ್ತರಿಸಿ, ಹೊಸ ತುಂಡಿಗೆ ಅಂಟು ಬಳಿದು ಎರಡೂ ಕಡೆ ಜೋಡಿಸಿದಳು. ಚಹಾ ಕುದಿಯುವಷ್ಟು ಹೊತ್ತು ಬಿಟ್ಟು ವಾಲ್ ತೆರೆದಳು. ಜೋಡು ಬಿಚ್ಚಿಕೊಂಡು ನೀರು ಆಕೆಯ ಮುಖಕ್ಕೇ ಹೊಡೆಯಿತು.

ಬಚ್ಚಲ ನೆಲದ ಮೇಲೆ ಹಾಗೇ ಕೂತುಬಿಟ್ಟಳಂತೆ. ಆ ಪ್ಲಂಬರ್ ಹೇಳಿದ್ದೇ ಖರೆಯೇನೋ ಎನ್ನಿಸಿತಂತೆ. ಕಣ್ಣಿಗೆ ನೀರು ಬಂದದ್ದು ಪೈಪಿನದೋ ತನ್ನದೋ ಗೊತ್ತಾಗಲಿಲ್ಲ ಎಂದು ಆಮೇಲೆ ನನ್ನ ಹೆಂಡತಿಯ ಮುಂದೆ ಹೇಳಿದಳು. ಕೊನೆಗೆ ಸೆರಗಿನಿಂದ ಕೈ ಒರೆಸಿಕೊಂಡು ಕರೀಂ ಚಾಚಾಗೆ ಫೋನು ಮಾಡಿದಳು.

"ಎಷ್ಟ ಹೊತ್ತ ಬಿಟ್ಟಿದ್ದಿ ಬೇಟಿ?" ಎಂದು ಕೇಳಿದರು ಅವರು.

"ಚಹಾ ಕುದಿಯೂ ಅಷ್ಟ್ರಿ."

"ಪೈಪಿನ ಒಳಗ ಹಸಿ ಇತ್ತೋ ಒಣಗಿತ್ತೋ?"

ಸೂಗಮ್ಮ ಅದನ್ನು ನೋಡಿರಲಿಲ್ಲ.

ಚಾಚಾ ನಕ್ಕರು. "ಹಸಿ ಮೈಗಿ ಅಂಟು ಹಿಡಿಯೂದಿಲ್ಲ. ಎಲ್ಲಾಕ್ಕಿಂತ ಕೆಳಗಿನ ನಳ ತಗದು ಲೈನು ಪೂರಾ ಖಾಲಿ ಮಾಡು. ಅರಿಬಿ ಹಾಕಿ ಒಳಗ ಹೊರಗ ಒರಸು. ಅಂಟು ಹಚ್ಚಿ, ಒತ್ತಿ ಹಿಡಕೊಂಡು ಮೂವತ್ತರ ತನಕ ಎಣಸು. ಆಮ್ಯಾಲ ಸಂಜೀ ತನಕ ಅದರ ಕಡಿ ನೋಡಬ್ಯಾಡ. ಕೈ ನಿಂದು ಬರೋಬ್ಬರಿ ಅದ, ಸಬರ್ ಕಮ್ಮಿ ಆಯ್ತು, ತಡಕೊಳ್ಳಲಿಲ್ಲ, ಬಸ್."

ಸಂಜೆ ಐದಕ್ಕೆ ಮತ್ತೆ ವಾಲ್ ತೆರೆದಳು. ಬಕ್ಕಪ್ಪ ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ನಾನು. ಪೈಪು ಒಮ್ಮೆ ನಡುಗಿ ಸುಮ್ಮನಾಯಿತು. ಸೂಗಮ್ಮ ಜೋಡಿನ ಸುತ್ತ ಒಣ ಕಾಗದ ಸುತ್ತಿ ಹಿಡಿದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಾಗದ ಒಣಗಿಯೇ ಇತ್ತು. ಬಕ್ಕಪ್ಪ ಆ ಕಾಗದವನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, "ಒಂದು ಹನಿ ಇಲ್ಲ ನೋಡ್ರಿ ಮಾಸ್ತರ" ಎಂದು ನನಗೆ ತೋರಿಸಿದ. ಅದೇ ಬಣ್ಣದ ಟೈಲು ಪೇಟೆಯಲ್ಲಿ ಸಿಗಲಿಲ್ಲ. ಆ ಜಾಗದಲ್ಲಿ ಆಕೆ ಒಂದು ಬಿಳಿ ಟೈಲು ಕೂಡಿಸಿದಳು. ನೀಲಿ ಗೋಡೆಯಲ್ಲಿ ಅದೊಂದೇ ಬಿಳಿ.

ಸುದ್ದಿ ಮೊದಲು ಹೋದದ್ದು ಎದುರು ಮನೆಯ ಮುನ್ನಿ ಬೀಗೆ. ಆಕೆಯ ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. "ಅಕ್ಕಾ, ಅಡಿಗಿಮನಿ ನಳ ತಿಂಗಳಿಂದ ಸೋರಾಕತ್ತದ. ಗಂಡಸ್ರಿಲ್ಲದ ಮನಿ, ಗುರ್ತಿಲ್ಲದವ್ರನ್ನ ಒಳಗ ಹ್ಯಾಂಗ ಕರೀಲಿ? ನೀವು ಬರ್ತೀರೇನು?" ಎಂದು ಕೇಳಿದಳು. ಸೂಗಮ್ಮ ಹೋದಳು, ಕಾಲು ತಾಸಿನಲ್ಲಿ ಮುಗಿಸಿ ಬಂದಳು. ಮುನ್ನಿ ಬೀ ತನ್ನ ತಂಗಿಗೆ ಹೇಳಿದಳು. ತಂಗಿ ಶಾಲೆಯ ಟೀಚರಮ್ಮನಿಗೆ ಹೇಳಿದಳು. ಮಧ್ಯಾಹ್ನ ಒಬ್ಬರೇ ಇರುವ ಹೆಂಗಸರು, ವಯಸ್ಸಾದ ಅಜ್ಜಿಯರು, ಸೊಸೆ ಬಾಣಂತಿ ಇರುವ ಮನೆಯವರು, ಒಬ್ಬೊಬ್ಬರಾಗಿ ಕರೆಯತೊಡಗಿದರು. ಊರಲ್ಲಿ ಇಷ್ಟು ನಳಗಳು ಇಷ್ಟು ದಿನದಿಂದ ಸೋರುತ್ತಿದ್ದವೇ ಎಂದು ನನಗೇ ಆಶ್ಚರ್ಯವಾಯಿತು. ಮೊದಮೊದಲು ಆಕೆ ಯಾರ ಹತ್ತಿರವೂ ದುಡ್ಡು ಮುಟ್ಟುತ್ತಿರಲಿಲ್ಲ. ಕರೀಂ ಚಾಚಾಗೆ ಅದು ಗೊತ್ತಾಗಿ ಸಿಟ್ಟಾದರು. "ನಿನ್ನ ಕೆಲಸಕ್ಕ ನೀನೇ ಕಿಮ್ಮತ್ತು ಕೊಡಲಿಲ್ಲಾಂದ್ರ ಬ್ಯಾರೆಯವ್ರು ಯಾಕ ಕೊಡ್ತಾರ?" ಎಂದರು. ಆಮೇಲೆ ತೆಗೆದುಕೊಳ್ಳತೊಡಗಿದಳು.

ಹೋದ ವರ್ಷ ಜೂನ್‌ನಲ್ಲಿ ಬಸವಕಲ್ಯಾಣದ ಒಂದು ಹುಡುಗಿಯರ ಹಾಸ್ಟೆಲಿನಿಂದ ಚಾಚಾಗೆ ಕರೆ ಬಂತು. ಮೂರನೆಯ ಮಾಳಿಗೆಗೆ ನೀರು ಬರುತ್ತಿಲ್ಲ. ಅವರ ಕಣ್ಣು ಈಗ ಚೆನ್ನಾಗಿ ಕಾಣುತ್ತಿತ್ತು, ಆದರೆ ಮೂರು ಮಾಳಿಗೆ ಹತ್ತಿಳಿಯಲು ಮೊಣಕಾಲು ಒಪ್ಪುತ್ತಿರಲಿಲ್ಲ. "ನನ್ನ ಬದಲಿ ಹುಮನಾಬಾದಿಂದ ಒಬ್ಬಾಕಿ ಬರ್ತಾಳ" ಎಂದು ಹೇಳಿಬಿಟ್ಟರು.

ಸುದ್ದಿ ಕೇಳಿ ಬಕ್ಕಪ್ಪನ ಮುಖ ಸಣ್ಣದಾಯಿತು. ಓಣಿಯೊಳಗಿನ ಕೆಲಸ ಬೇರೆ, ಬೇರೆ ಊರಿಗೆ ಹೋಗುವುದು ಬೇರೆ.

"ಬಸವಕಲ್ಯಾಣ ತನಕ ಪಾನಾ ಹಿಡಕೊಂಡು ಹೋಗ್ತಿ ಏನು? ಮಂದಿ ಏನಂತಾರ?"

"ಮಂದೀ ಮನ್ಯಾಗ ನೀರು ಬಂದ್ರ ಮಂದಿ ಏನೂ ಅನ್ನೂದಿಲ್ರಿ."

ಮರುದಿನ ಬೆಳಿಗ್ಗೆ ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಬಸ್ಸು ಹೊರಡುವ ಹೊತ್ತಿಗೆ ಬಕ್ಕಪ್ಪ ಏದುಸಿರು ಬಿಡುತ್ತ ಹತ್ತಿ ಪಕ್ಕದಲ್ಲಿ ಕೂತ. ಅಂಗಡಿ ಮುಚ್ಚಿ ಬಂದಿದ್ದ. ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಮುಂದೆ ಆದದ್ದನ್ನು ನಾನು ಬಕ್ಕಪ್ಪನ ಬಾಯಿಂದ ಇಪ್ಪತ್ತು ಸಲ ಕೇಳಿದ್ದೇನೆ, ಸೂಗಮ್ಮನ ಬಾಯಿಂದ ಒಂದೇ ಸಲ. ಆಕೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಹಾಸ್ಟೆಲಿನ ಗೇಟಿನಲ್ಲಿ ವಾಚ್‌ಮನ್ ಮಚ್ಚೇಂದ್ರ ಇಬ್ಬರನ್ನೂ ತಡೆದು, ಬಕ್ಕಪ್ಪನನ್ನು ನೋಡಿ, "ಮಿಸ್ತ್ರಿ ನೀವೇ ಏನ್ರಿ?" ಎಂದ.

ಬಕ್ಕಪ್ಪ ಪಕ್ಕಕ್ಕೆ ಸರಿದು, "ಇವ್ರು ಮಿಸ್ತ್ರಿ" ಎಂದ.

"ಹಂಗಾದ್ರ ನೀವು ಇಲ್ಲೇ ಕೂಡ್ರಿ. ಗಂಡಸ್ರಿಗಿ ಒಳಗ ಪರ್ಮಿಷನ್ ಇಲ್ಲ."

ಬಕ್ಕಪ್ಪ ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಸೂಗಮ್ಮ ಒಬ್ಬಳೇ ಒಳಗೆ ಹೋದಳು.

ವಾರ್ಡನ್ ಲತೀಫಾ ಮೇಡಂ ಸೋತುಹೋಗಿದ್ದರು. "ಏಳು ತಿಂಗಳಾಯ್ತು ನೋಡ್ರಿ, ಮ್ಯಾಲಿನ ಹುಡುಗೇರು ಎರಡನೇ ಮಾಳಿಗಿಯಿಂದ ಬಕೀಟು ಹೊರಾಕತ್ತಾರ. ಮೂರು ಮಂದಿ ಬಂದು ನೋಡಿ ಹೋಗ್ಯಾರ. ಎಲ್ಲಾರೂ ಪ್ರೆಷರ್ ಪಂಪ ಹಾಕ್ಸ್ರಿ ಅಂತಾರ" ಎಂದರು.

ಸೂಗಮ್ಮ ಮೂರನೆಯ ಮಾಳಿಗೆಯ ಒಂದು ನಳ ತಿರುಗಿಸಿದಳು. ಅದು ಸುಸ್ಸೆಂದು ಉಸಿರು ಬಿಟ್ಟು, ನಾಲ್ಕು ಹನಿ ಉಗುಳಿ ನಿಂತಿತು. ನೀರಿಲ್ಲದ ಪೈಪು ಹೀಗೆ ಮಾಡುವುದಿಲ್ಲ. ಒಳಗೆ ಏನೋ ಇದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹುಡುಗಿಯನ್ನು ಕರೆದಳು. ನಾರಾಯಣಪುರದ ಸಪ್ನಾ ಅಂತೆ, ಪಿಯುಸಿ ಓದುತ್ತಿದ್ದಳು.

"ನೀರು ಯಾವಾಗಿಂದ ಬರವಲ್ದವ್ವ?"

"ದೀಪಾವಳಿ ಸೂಟಿ ಮುಗಿಸಿ ಬಂದಾಗಿಂದ್ರಿ ಅಕ್ಕಾ."

"ಸೂಟಿಯಾಗ ಮ್ಯಾಲ ಏನರ ಕೆಲಸ ಆಗಿತ್ತೇನು?"

ಸಪ್ನಾ ಯೋಚಿಸಿದಳು. "ಬಿಸಿನೀರಿಗಿ ಸೋಲಾರ್ ಕೂಡಸ್ಯಾರ್ರಿ."

ಸೂಗಮ್ಮ ಛಾವಣಿ ಹತ್ತಿದಳು. ದೂರದಲ್ಲಿ ಕೋಟೆಯ ಬುರುಜುಗಳ ಮೇಲೆ ಮೋಡ ಇಳಿದಿತ್ತು. ಟಾಕಿಯಿಂದ ಪ್ರತಿ ಮಾಳಿಗೆಗೂ ಬೇರೆ ಬೇರೆ ಪೈಪು ಇಳಿದಿದ್ದವು. ಎರಡು ನೇರವಾಗಿ ಕೆಳಗೆ ಹೋಗಿದ್ದವು. ಮೂರನೆಯದರ ದಾರಿಗೆ ಸೋಲಾರಿನವರ ಹೊಸ ಸಿಮೆಂಟು ಕಟ್ಟೆ ಅಡ್ಡ ಬಂದಿತ್ತು. ಅವರು ಆ ಪೈಪನ್ನು ಕಟ್ಟೆಯ ಮೇಲೆ ಏರಿಸಿ, ಆ ಕಡೆ ಇಳಿಸಿ ಕೈ ತೊಳೆದುಕೊಂಡಿದ್ದರು. ಪೈಪು ಒಂಟೆಯ ಬೆನ್ನಿನ ಹಾಗೆ ಡುಬ್ಬ ಎದ್ದಿತ್ತು. ಸೂಗಮ್ಮ ಅದರ ಮೇಲೆ ಬೆರಳಿಂದ ಬಡಿದಳು. ಕೆಳಗೆ ಮಂದವಾಗಿದ್ದ ಸದ್ದು ಡುಬ್ಬದ ಮೇಲೆ ಟೊಳ್ಳಾಗಿ ಕೇಳಿಸಿತು.

ಆಕೆಗೆ ಎಲ್ಲ ತಿಳಿಯಿತು. ಟಾಕಿ ಖಾಲಿಯಾದಾಗಲೆಲ್ಲ ಪೈಪಿನೊಳಗೆ ಗಾಳಿ ಸೇರುತ್ತದೆ. ಟಾಕಿ ತುಂಬಿದ ಮೇಲೆ ಆ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಡುಬ್ಬದಲ್ಲಿ ಕೂತು ನೀರಿಗೆ ಅಡ್ಡ ಹಾಕುತ್ತದೆ.

"ಮೇಡಂ, ಪಂಪ ಬ್ಯಾಡ್ರಿ" ಎಂದಳು. "ನೀರು ಬರಾಕ ತಯಾರ ಅದ. ಗಾಳಿ ಅಡ್ಡ ಕುಂತದ. ಅದಕ್ಕ ಹೊರಗ ಹೋಗಾಕ ಒಂದು ಕೊಳವಿ ನಿಂದರಸಬೇಕು, ಅಷ್ಟೇ."

ಲತೀಫಾ ಮೇಡಂ ನಂಬಿದಂತೆ ಕಾಣಲಿಲ್ಲ. "ಅಷ್ಟೇ ಅಂದ್ರ ಮೂರು ಮಂದಿಗಿ ಯಾಕ ತಿಳೀಲಿಲ್ಲ?"

"ಅವ್ರು ಕೆಳಗ ನಿಂತು ನೋಡ್ಯಾರೇನೋ" ಎಂದು ಸೂಗಮ್ಮ ಫೋನು ತೆಗೆದು ಗಂಡನಿಗೆ ಸಾಮಾನು ಹೇಳಿದಳು. ಮೂರು ಬಾಯಿಯ ಒಂದು ಟೀ ಜೋಡು, ತುದಿ ಬಗ್ಗಿಸಲು ಎರಡು ಎಲ್ಬೋ, ಆರು ಫೂಟು ಪೈಪು, ಅಂಟಿನ ಸಣ್ಣ ಡಬ್ಬಿ. ಸ್ಟೂಲಿನ ಮೇಲೆ ಸೊರಗಿ ಕೂತಿದ್ದ ಬಕ್ಕಪ್ಪ ಎದ್ದು ಓಡಿದ. ಮೂವತ್ತು ವರ್ಷ ಅಂಗಡಿ ನಡೆಸಿದವನು. ಮೂರು ಅಂಗಡಿ ತಿರುಗಿ, ಪೈಪಿನ ಮೇಲಿನ ಅಚ್ಚು ಓದಿ, ತೆಳು ಮಾಲು ವಾಪಸು ಮಾಡಿ, ಗಟ್ಟಿಯದನ್ನೇ ತಂದು ಗೇಟಿನಲ್ಲಿ ಕೊಟ್ಟ. ಸಾಮಾನು ಕೈಗೆ ಬಂದಾಗ ಸೂಗಮ್ಮನಿಗೆ ಖುಷಿಯಾಯಿತು. ಆಕೆ ಹೋಗಿದ್ದರೂ ಇಷ್ಟು ಚೆನ್ನಾಗಿ ಆರಿಸುತ್ತಿರಲಿಲ್ಲ.

ಲೈನು ಖಾಲಿ ಮಾಡಿದಳು. ಡುಬ್ಬದ ನೆತ್ತಿಯಲ್ಲಿ ಕತ್ತರಿಸಿ, ಒಳಗೆ ಹೊರಗೆ ಒರೆಸಿ, ಬೆರಳು ಹಾಕಿ ಒಣಗಿದೆಯೇ ಎಂದು ಎರಡು ಸಲ ನೋಡಿದಳು. ಟೀ ಕೂಡಿಸಿ, ಅದರ ಮೇಲೆ ಕೊಳವೆಯನ್ನು ಟಾಕಿಯ ತಲೆಗಿಂತ ಎತ್ತರಕ್ಕೆ ನಿಲ್ಲಿಸಿ ಗೋಡೆಗೆ ಬಿಗಿದಳು. ಕಸ ಬೀಳದಂತೆ ತುದಿಯನ್ನು ಕೆಳಮುಖ ಮಾಡಿದಳು. ಮೇಡಂ ಬಂದು "ಈಗ ಬಿಡ್ತೀರೇನು?" ಎಂದರು. "ಮೂರು ತಾಸು ಆಗ್ಲಿ" ಎಂದಳು. ಮೇಡಂ ಗಡಿಯಾರ ನೋಡಿಕೊಂಡು ಹೋದರು, ಒಂದು ತಾಸಿಗೆ ಮತ್ತೆ ಬಂದರು. ಸೂಗಮ್ಮ ಟಾಕಿಯ ನೆರಳಲ್ಲಿ, ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಅವರಿಗೂ ಕೊಟ್ಟಳು. ಇಬ್ಬರೂ ಕೂತು ತಿಂದರು.

ನಾಲ್ಕು ಗಂಟೆಗೆ ಸಪ್ನಾ ಮತ್ತು ಎಂಟು ಹುಡುಗಿಯರು ಮೂರನೆಯ ಮಾಳಿಗೆಯ ಒಂಬತ್ತು ನಳಗಳ ಮುಂದೆ ನಿಂತರು. ಸೂಗಮ್ಮ ಮೇಲಿನಿಂದ "ಎಲ್ಲಾ ತಗೀರಿ!" ಎಂದು ಕೂಗಿ ವಾಲ್ ತಿರುಗಿಸಿದಳು. ಕೊಳವೆಯ ಬಾಯಿಂದ ಗಾಳಿ ಹೂಂಕರಿಸಿ ಹೊರಬಂತು. ಆಮೇಲೆ ಕೊಳವೆಯೊಳಗೆ ನೀರು ಏರುವ ಗುಳುಗುಳು ಸದ್ದು. ಕೆಳಗಿನ ನಳಗಳಿಂದ ಇನ್ನೂ ಏನೂ ಬರಲಿಲ್ಲ. ಸೂಗಮ್ಮ ಛಾವಣಿಯ ಅಂಚಿಗೆ ಬಂದು ಕೆಳಗೆ ಕಿವಿಗೊಟ್ಟಳು. ಒಂದು ನಳ ಕೆಮ್ಮಿತು. ಇನ್ನೊಂದು ಕೆಂಪು ನೀರು ಉಗುಳಿತು. ಆಮೇಲೆ ಒಂಬತ್ತೂ ಒಟ್ಟಿಗೆ ಸುರಿದವು.

ಹುಡುಗಿಯರು ಕಿರುಚಿದ ಸದ್ದಿಗೆ ಎರಡನೆಯ ಮಾಳಿಗೆಯವರು ಹೆದರಿ ಮೇಲೆ ಓಡಿಬಂದರು. ಯಾರೋ ಬಕೀಟು ಬಡಿದರು. ಯಾರೋ ಯಾರಿಗೋ ನೀರು ಎರಚಿದರು. ಲತೀಫಾ ಮೇಡಂ ಬಯ್ಯಲು ಬಾಯಿ ತೆರೆದು, ತಾವೂ ಒಂದು ನಳದ ಕೆಳಗೆ ಕೈ ಹಿಡಿದು ನಿಂತರು. ಸಪ್ನಾ ಮೆಟ್ಟಿಲು ಹತ್ತಿ ಓಡಿಬಂದು, ಒದ್ದೆ ಕೈಗಳಿಂದಲೇ ಸೂಗಮ್ಮನನ್ನು ತಬ್ಬಿಕೊಂಡಳು.

ಗೇಟಿನಲ್ಲಿ ಬಕ್ಕಪ್ಪ ಸ್ಟೂಲಿನಿಂದ ಎದ್ದು ನಿಂತಿದ್ದ. "ಏನ್ರಿ ಅದು ಗಲಾಟಿ?" ಎಂದ ಮಚ್ಚೇಂದ್ರ. "ನೀರು ಬಂತು!" ಎಂದ ಬಕ್ಕಪ್ಪ. "ನಮ್ಮ ಮನಿಯಾಕಿ ಕೆಲಸರಿ ಅದು!"

ಸೂಗಮ್ಮ ಹೊರಡುವಾಗ ಮೇಡಂ ಕೆಳಗಿನ ಮೋಟಾರಿನ ವೈರು ಸುಡುವ ವಾಸನೆ ಬರುತ್ತದೆ, ಅದನ್ನೂ ನೋಡಿರಿ ಎಂದರು. "ಕರೆಂಟಿನ ಕೆಲಸ ನಾ ಮುಟ್ಟೂದಿಲ್ರಿ. ಅದಕ್ಕ ಅದನ್ನ ಕಲತವ್ರೇ ಬೇಕು" ಎಂದು ಸೂಗಮ್ಮ ಸಲಾವುದ್ದೀನ್‌ನ ನಂಬರು ಬರೆದುಕೊಟ್ಟಳು.

ಈಗ ಆಕೆಗೆ ವಾರದಲ್ಲಿ ಐದು ದಿನ ಕೆಲಸ. ಬಸ್ ಸ್ಟ್ಯಾಂಡಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯ ಗೋಡೆಯ ಮೇಲೆ ಅಬ್ದುಲ್ ಕರೀಂ ಎಂಬ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, "ಸೂಗಮ್ಮ, ನಳದ ಮಿಸ್ತ್ರಿ" ಎಂದು ಬರೆಸಲಾಗಿದೆ. ಚಾಚಾ ಯಾರಿಗೂ ಹೇಳದೆ ಪೇಂಟರನ್ನು ಕರೆಸಿ ಬರೆಸಿದ್ದರು. ಸೂಗಮ್ಮ ಅದನ್ನು ಮೊದಲು ನೋಡಿದ ದಿನ ನಾನೂ ಅಲ್ಲಿದ್ದೆ. ರಸ್ತೆಯಲ್ಲೇ ನಿಂತು ಅಕ್ಷರ ಅಕ್ಷರ ಓದಿದಳು. ಹಿಂದೆ ಆಟೋದವನು ಹಾರ್ನು ಹೊಡೆದರೂ ಸರಿಯಲಿಲ್ಲ. ಆಮೇಲೆ ಅಂಗಡಿಯೊಳಗೆ ಹೋಗಿ, "ಅರ್ಧ ಇಂಚಿನ ಎಲ್ಬೋ ನಾಲ್ಕು ಕೊಡ್ರಿ, ಜಲ್ದಿ. ಚಿಟಗುಪ್ಪದ ಬಸ್ಸು ಹೋಗ್ತದ" ಎಂದಳು.